ಚಿನ್ನದ ಗಣಿಯೊಳಗೆ ಒಂದು ತಂತಿ



ಕೆಜಿಎಫ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ನಮ್ಮ ಕನ್ನಡ ಶಾಲೆಯ ಚಿಕ್ಕ ಮಕ್ಕಳನ್ನು ಕೇಳಿದರೆ ಎಲ್ಲರೂ ಒಟ್ಟಿಗೆ "ಯಶ್!" ಎಂದು ಕೂಗುತ್ತಾರೆ. ದೊಡ್ಡವರನ್ನು ಕೇಳಿದರೆ ಚಿನ್ನ ಎನ್ನುತ್ತಾರೆ. ಎರಡೂ ಸರಿಯೇ. ಆದರೆ ಕೋಲಾರದ ಆ ಗಣಿಯೊಳಗೆ ಚಿನ್ನ ತೆಗೆಯುವವರ ಜೊತೆಗೆ ಇನ್ನೂ ಕೆಲವರು ದಿನಾ ಕೇಜಿನಲ್ಲಿ ಕೆಳಗಿಳಿಯುತ್ತಿದ್ದರು. ಅವರಿಗೆ ಚಿನ್ನ ಬೇಕಿರಲಿಲ್ಲ, ಬೇಕಿದ್ದದ್ದು ನಿಶ್ಶಬ್ದ. ಭೂಮಿಯ ಮೇಲೆ ಎಲ್ಲೂ ಸಿಗದಂಥ ನಿಶ್ಶಬ್ದದಲ್ಲಿ ಅವರು ಕಬ್ಬಿಣದ ಕೊಳವೆಗಳನ್ನು ಜೋಡಿಸಿ, ಪ್ರತಿ ಕೊಳವೆಯ ನಡುವೆ ಒಂದೊಂದು ತಂತಿ ಎಳೆದು, ವರ್ಷಗಟ್ಟಲೆ ಕಾದರು. ಈ ತಿಂಗಳು ನಿಮಗೆ ಅವರ ಕಥೆ ಹೇಳುತ್ತೇನೆ.

ಮೊದಲು ಆ ತಂತಿಯ ವಿಚಾರ. ಅದು ಗೊತ್ತಾಗದಿದ್ದರೆ ಮುಂದಿನದು ಸಿನಿಮಾ ಕಥೆಯಂತೆ ಮಾತ್ರ ಕೇಳಿಸುತ್ತದೆ.

ಒಂದು ಉದ್ದನೆಯ ಲೋಹದ ಕೊಳವೆಯನ್ನು ಊಹಿಸಿಕೊಳ್ಳಿ. ಎರಡೂ ತುದಿ ಮುಚ್ಚಿದೆ. ಒಳಗಿನ ಗಾಳಿಯನ್ನು ತೆಗೆದು ಬೇರೆ ಅನಿಲ ತುಂಬಿದ್ದಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ, ಸರಿಯಾಗಿ ಮಧ್ಯದಲ್ಲಿ, ಕೂದಲಿನಷ್ಟು ತೆಳುವಾದ ತಂತಿ ಇದೆ. ಆ ತಂತಿಗೆ ಸಾವಿರಾರು ವೋಲ್ಟ್ ಕೊಟ್ಟಿದ್ದಾರೆ. ವಿದ್ಯುದಂಶ ಇರುವ ಒಂದು ಕಣ ಈ ಕೊಳವೆಯನ್ನು ತೂರಿಕೊಂಡು ಹೋದರೆ, ದಾರಿಯಲ್ಲಿ ಸಿಕ್ಕ ಅನಿಲದ ಪರಮಾಣುಗಳಿಂದ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತು ಹೋಗುತ್ತದೆ. ಆ ಎಲೆಕ್ಟ್ರಾನುಗಳು ತಂತಿಯ ಕಡೆಗೆ ಓಡುತ್ತವೆ. ತಂತಿ ತೆಳುವಾಗಿರುವುದರಿಂದ ಅದರ ಹತ್ತಿರ ಬಂದಷ್ಟೂ ಸೆಳೆತ ಹೆಚ್ಚು. ಬೆರಳಿನಿಂದ ಒತ್ತಿದರೆ ಚುಚ್ಚದ ಬಲ ಸೂಜಿಯ ಮೊನೆಯಿಂದ ಒತ್ತಿದಾಗ ಚುಚ್ಚುತ್ತದಲ್ಲ, ಸುಮಾರಾಗಿ ಹಾಗೆ. ಕೊನೆಯ ಕೂದಲೆಳೆಯಷ್ಟು ದೂರದಲ್ಲಿ ಎಲೆಕ್ಟ್ರಾನಿಗೆ ಎಷ್ಟು ವೇಗ ಬರುತ್ತದೆಂದರೆ, ಅದು ಡಿಕ್ಕಿ ಹೊಡೆದ ಪರಮಾಣುವಿನಿಂದ ಇನ್ನೊಂದು ಎಲೆಕ್ಟ್ರಾನ್ ಹೊರಬೀಳುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ತಂತಿ ತಲುಪುವ ಹೊತ್ತಿಗೆ ಸಾವಿರಾರು. ಅಷ್ಟಾದರೆ ವಿದ್ಯುತ್ ಉಪಕರಣಕ್ಕೆ ಗೊತ್ತಾಗುವಂಥ ಒಂದು ಸಣ್ಣ ಮಿಡಿತ ಸಿಗುತ್ತದೆ. ಮೊದಲು ಕಿತ್ತು ಬಂದ ಎಲೆಕ್ಟ್ರಾನುಗಳು ಹೆಚ್ಚಿದ್ದರೆ ಮಿಡಿತ ದೊಡ್ಡದು, ಕಡಿಮೆ ಇದ್ದರೆ ಚಿಕ್ಕದು. ಅದಕ್ಕೇ ಇದರ ಹೆಸರು ಪ್ರೊಪೋರ್ಷನಲ್ ಕೌಂಟರ್. ವೈರ್ ಚೇಂಬರ್ ಎಂಬ ದೊಡ್ಡ ಕುಟುಂಬದಲ್ಲಿ ಇದು ಎಲ್ಲಕ್ಕಿಂತ ಸರಳ.

ಇದು ಹೊಸ ಉಪಾಯವೇನೂ ಅಲ್ಲ. 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಆಲ್ಫಾ ಕಣಗಳನ್ನು ಎಣಿಸಲು ಇಂಥದ್ದೇ ಕೊಳವೆ ಮಾಡಿದ್ದರು. 1928ರಲ್ಲಿ ಗೈಗರ್ ಮತ್ತು ಅವರ ಶಿಷ್ಯ ಮ್ಯುಲ್ಲರ್ ಅದನ್ನು ತಿದ್ದಿ, ಇಂದಿಗೂ ಟಿಕ್ ಟಿಕ್ ಎನ್ನುವ ಗೈಗರ್ ಕೌಂಟರ್ ಮಾಡಿದರು. ನಾವಿರುವ ಈ ಅಹ್ಮದಿಗೂ ಈ ತಂತಿಗೂ ಸಂಬಂಧ ಇದೆ ಎಂದರೆ ನಂಬುತ್ತೀರಾ? ತೈಲಬಾವಿ ಕೊರೆದ ಮೇಲೆ ಬಂಡೆಯಲ್ಲಿ ಎಷ್ಟು ಸೂಕ್ಷ್ಮ ರಂಧ್ರಗಳಿವೆ, ಅಲ್ಲಿ ಎಣ್ಣೆಯೋ ನೀರೋ ಇರಬಹುದೇ ಎಂದು ತಿಳಿಯಲು ಬಾವಿಯೊಳಗೆ ಉಪಕರಣ ಇಳಿಸುತ್ತಾರೆ. ಅದಕ್ಕೆ ಲಾಗಿಂಗ್ ಎನ್ನುತ್ತಾರೆ. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮಂದಿರಿಗೆ ಆ ಪದ ಚೆನ್ನಾಗಿ ಗೊತ್ತು. ಅದರಲ್ಲಿ ನ್ಯೂಟ್ರಾನ್ ಎಣಿಸುವ ಉಪಕರಣದೊಳಗೆ ಹೆಚ್ಚಾಗಿ ಇರುವುದು ಹೀಲಿಯಂ-3 ಅನಿಲ ತುಂಬಿದ, ನಡುವೆ ತಂತಿ ಇರುವ ಒಂದು ಕೊಳವೆ. ಅಂದರೆ ಇದೇ ಸಾಧನ, ಎಣ್ಣೆಯ ಊರಿನಲ್ಲಿ ಬೇರೆ ಕೆಲಸಕ್ಕೆ.

ಈಗ ಕೋಲಾರಕ್ಕೆ ಹೋಗೋಣ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಮುಂಬೈಯಲ್ಲಿದೆ. ಆದರೆ 1945ರಲ್ಲಿ ಅದು ಶುರುವಾದದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಕೊನೆಗೆ ಮುಂಬೈಗೆ ಹೋಯಿತು. ಅದನ್ನು ಕಟ್ಟಿದ ಹೋಮಿ ಭಾಭಾ ಅವರಿಗೆ ಕಾಸ್ಮಿಕ್ ಕಿರಣಗಳೆಂದರೆ ತುಂಬಾ ಆಸಕ್ತಿ. ಬಾಹ್ಯಾಕಾಶದಿಂದ ಬರುವ ಕಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ನೀವು ಇದನ್ನು ಓದುತ್ತಿರುವಾಗಲೂ ಸುರಿಯುತ್ತಿವೆ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ಅಂದರೆ ನಿಮ್ಮ ಅಂಗೈಯಲ್ಲಿ ಪ್ರತಿ ಸೆಕೆಂಡಿಗೆ ಒಂದೆರಡು. ಅವು ಛಾವಣಿಯನ್ನೂ ಗೋಡೆಯನ್ನೂ ತೂರುತ್ತವೆ. ಎಷ್ಟು ಆಳದವರೆಗೆ ತೂರುತ್ತವೆ? ಇದು ಭಾಭಾ ಅವರ ಪ್ರಶ್ನೆ. ಉತ್ತರ ಬೇಕಾದರೆ ಭೂಮಿಯೊಳಗೆ ಹೋಗಬೇಕು. ಭಾರತದಲ್ಲಿ ಅದಕ್ಕೆ ಕೋಲಾರಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

1950ರ ದಶಕದ ಆರಂಭದಲ್ಲಿ ಆ ಕೆಲಸಕ್ಕೆ ಭಾಭಾ ಕಳಿಸಿದ್ದು ತಮ್ಮ ಒಬ್ಬ ಯುವ ವಿದ್ಯಾರ್ಥಿಯನ್ನು. ಅವರ ಹೆಸರು ಬಿ. ವಿ. ಶ್ರೀಕಂಠನ್. ನಂಜನಗೂಡಿನವರು, 1925ರಲ್ಲಿ ಹುಟ್ಟಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ನಂಜನಗೂಡು ಎಂದರೆ ರಸಬಾಳೆ ಮತ್ತು ಹಲ್ಲುಪುಡಿ ಮಾತ್ರ ನೆನಪಾಗುವವರು ಇನ್ನು ಮುಂದೆ ಇವರನ್ನೂ ಸೇರಿಸಿಕೊಳ್ಳಿ. ಆಗ ಅಂಗಡಿಯಲ್ಲಿ ಕೌಂಟರ್ ಸಿಗುತ್ತಿರಲಿಲ್ಲ. ಕೊಳವೆ, ತಂತಿ, ಅನಿಲ, ಎಣಿಸುವ ವಿದ್ಯುತ್ ಮಂಡಲ ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕಿತ್ತು. ಹಾಗೆ ಮಾಡಿದ ಗೈಗರ್ ಕೌಂಟರುಗಳನ್ನು ಹೊತ್ತುಕೊಂಡು ಅವರು ಗಣಿಯೊಳಗೆ ಇಳಿದು, ಬೇರೆ ಬೇರೆ ಆಳದಲ್ಲಿ ಮ್ಯೂಆನುಗಳನ್ನು ಎಣಿಸಿದರು. ಮುಂದೆ ಅವರೇ ಟಿಐಎಫ್‌ಆರ್‌ನ ನಿರ್ದೇಶಕರಾದರು.

ಗಣಿಯ ಆಳವನ್ನು ನಮ್ಮ ಕುವೈತಿನ ಲೆಕ್ಕದಲ್ಲಿ ಹೇಳುತ್ತೇನೆ. ಸಿಟಿಯಲ್ಲಿರುವ ಅಲ್ ಹಮ್ರಾ ಟವರ್ ಸುಮಾರು 414 ಮೀಟರ್ ಎತ್ತರ. ಅಂಥ ಐದೂವರೆ ಟವರುಗಳನ್ನು ಒಂದರ ಮೇಲೊಂದು ನಿಲ್ಲಿಸಿ ತಲೆಕೆಳಗಾಗಿ ನೆಲದೊಳಗೆ ಇಳಿಸಿದರೆ 2300 ಮೀಟರ್. ಮುಂದೆ ನಾನು ಹೇಳಲಿರುವ ಪ್ರಯೋಗಾಲಯ ಇದ್ದದ್ದು ಆ ಆಳದಲ್ಲಿ. ಗಣಿ ಇನ್ನೂ ಕೆಳಗೆ, 3 ಕಿಲೋಮೀಟರಿಗೂ ಆಚೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆಯೇ 60 ಡಿಗ್ರಿ ದಾಟುವಷ್ಟು ಬಿಸಿ. ಮೇಲಿನ ಭಾರಕ್ಕೆ ಕೆಲವೊಮ್ಮೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು, ಅದರಲ್ಲಿ ಗಣಿ ಕಾರ್ಮಿಕರು ಪ್ರಾಣ ಕಳೆದುಕೊಳ್ಳುತ್ತಿದ್ದರು. ವಿಜ್ಞಾನಿಗಳ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡುವುದು ಸರಿಯಲ್ಲ ಅನ್ನಿಸುತ್ತದೆ. ಆ ಸುರಂಗಗಳನ್ನು ಕೊರೆದವರು ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು. ಅವರು ಚಿನ್ನಕ್ಕಾಗಿ ಕೊರೆಯದೆ ಇದ್ದಿದ್ದರೆ ಯಾವ ವಿಜ್ಞಾನಿಗೂ ಅಷ್ಟು ಆಳದ ಕೋಣೆ ಸಿಗುತ್ತಿರಲಿಲ್ಲ. ಅಂದಹಾಗೆ ಕೆಜಿಎಫ್ ಕೂಡ ಅಹ್ಮದಿಯಂತೆಯೇ ಕಂಪನಿ ಕಟ್ಟಿದ ಊರು. ಅಲ್ಲಿ ಜಾನ್ ಟೇಲರ್ ಕಂಪನಿ, ಇಲ್ಲಿ ಕುವೈತ್ ಆಯಿಲ್ ಕಂಪನಿ. ಅಲ್ಲೂ ಸಾಲು ಬಂಗಲೆ, ಕ್ಲಬ್ಬು, ಸಾಹೇಬರ ಬೀದಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಬೆಂಗಳೂರಿಗಲ್ಲ, ಆ ಗಣಿಗೆ.

1960ರ ಹೊತ್ತಿಗೆ ಟಿಐಎಫ್‌ಆರ್ ತಂಡ ಜಪಾನಿನ ಒಸಾಕಾದಿಂದ ಬಂದ ಮಿಯಾಕೆ ಅವರ ಜೊತೆ ಸೇರಿ ಇನ್ನೂ ಆಳಕ್ಕೆ ಹೋಯಿತು. ವಿ. ಎಸ್. ನರಸಿಂಹನ್, ಪಿ. ವಿ. ರಮಣಮೂರ್ತಿ ಆ ತಂಡದಲ್ಲಿದ್ದರು. ಒಂದೊಂದು ಹಂತ ಕೆಳಗಿಳಿದಂತೆ ಮ್ಯೂಆನುಗಳು ಕಡಿಮೆಯಾಗುತ್ತಾ ಬಂದವು. ಕೊನೆಗೆ ಅತ್ಯಂತ ಆಳದ ಜಾಗದಲ್ಲಿ ಎರಡು ತಿಂಗಳು ಕಾದರೂ ಒಂದೂ ಸಿಗಲಿಲ್ಲ.

ಎರಡು ತಿಂಗಳ ಕೆಲಸಕ್ಕೆ ಸೊನ್ನೆ ಫಲಿತಾಂಶ. ನಮ್ಮ ಶಾಲೆಯ ಸೈನ್ಸ್ ಪ್ರಾಜೆಕ್ಟಿನಲ್ಲಿ ಹೀಗಾದರೆ ನಾವು ಅಳುತ್ತೇವೆ. ಅವರಿಗೆ ಖುಷಿಯಾಯಿತು! ಯಾಕೆಂದರೆ ಮ್ಯೂಆನುಗಳ ಮಳೆ ನಿಂತ ಜಾಗದಲ್ಲಿ ಮಾತ್ರ, ಅದಕ್ಕಿಂತ ಸಾವಿರ ಪಟ್ಟು ಮೆಲುದನಿಯ ಕಣವೊಂದನ್ನು ಕೇಳಿಸಿಕೊಳ್ಳಬಹುದು. ಆ ಕಣವೇ ನ್ಯೂಟ್ರಿನೊ. ಅದು ಇಡೀ ಭೂಮಿಯನ್ನೇ ತೂರಿಕೊಂಡು ಹೋಗಬಲ್ಲದು, ಬಹಳ ಅಪರೂಪಕ್ಕೆ ಮಾತ್ರ ಬಂಡೆಗೆ ಬಡಿದು ಒಂದು ಮ್ಯೂಆನ್ ಹುಟ್ಟಿಸುತ್ತದೆ. ಟಿಐಎಫ್‌ಆರ್, ಒಸಾಕಾ ಮತ್ತು ಇಂಗ್ಲೆಂಡಿನ ಡರಹಂ ವಿಶ್ವವಿದ್ಯಾಲಯದವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ ಬಲೆ ಒಡ್ಡಿದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿತೆಂಬ ಅವರ ಪ್ರಬಂಧ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ಅವರ ತಂಡದ ಪ್ರಬಂಧ ಅದೇ ತಿಂಗಳ ಕೊನೆಗೆ ಬಂತು. ಕಣ ಮೊದಲು ಸಿಕ್ಕಿದ್ದು ಅವರಿಗೆ, ಅಚ್ಚಾದದ್ದು ನಮ್ಮದು ಮೊದಲು. ಯಾರು ಗೆದ್ದರು ಎಂದು ಜಗಳ ಬೇಡ. ಇಬ್ಬರಿಗೂ ಜಾಗ ಕೊಟ್ಟದ್ದು ಚಿನ್ನದ ಗಣಿ.

1965ರ ಪ್ರಯೋಗದಲ್ಲಿ ಬಳಸಿದ್ದು ಹೊಳೆಯುವ ಪ್ಲಾಸ್ಟಿಕ್ ಹಲಗೆಗಳು ಮತ್ತು ನಿಯಾನ್ ಕೊಳವೆಗಳು. ನಮ್ಮ ತಂತಿ ದೊಡ್ಡ ಪ್ರಮಾಣದಲ್ಲಿ ಗಣಿಗೆ ಬಂದದ್ದು ಅದಾದ ಸುಮಾರು 15 ವರ್ಷಗಳ ಮೇಲೆ, ಬೇರೆಯೇ ಒಂದು ಪ್ರಶ್ನೆಗಾಗಿ. ಆ ಪ್ರಶ್ನೆ ಕೇಳಿ: ಪ್ರೋಟಾನ್ ಸಾಯುತ್ತದೆಯೇ?

ನಿಮ್ಮಲ್ಲಿ, ನನ್ನಲ್ಲಿ, ಈ ಮೇಜಿನಲ್ಲಿ ಇರುವ ಪ್ರತಿ ಪರಮಾಣುವಿನ ನಡುವೆ ಪ್ರೋಟಾನುಗಳಿವೆ. ಅವು ಶಾಶ್ವತ ಎಂದು ಎಲ್ಲರೂ ನಂಬಿದ್ದರು. 1974ರಲ್ಲಿ ಜಾರ್ಜಿ ಮತ್ತು ಗ್ಲಾಷೋ ಎಂಬ ಇಬ್ಬರು ಒಂದು ಸಿದ್ಧಾಂತ ಮುಂದಿಟ್ಟರು. ಪ್ರಕೃತಿಯ ಮೂರು ಬಲಗಳು ಮೂಲದಲ್ಲಿ ಒಂದೇ ಎನ್ನುವ ಸುಂದರವಾದ ಸಿದ್ಧಾಂತ. ಅದು ನಿಜವಾದರೆ ಪ್ರೋಟಾನ್ ಕೂಡ ಒಂದು ದಿನ ಒಡೆಯಬೇಕು. ಯಾವಾಗ? 1ರ ಮುಂದೆ 30 ಅಥವಾ 31 ಸೊನ್ನೆ ಹಾಕಿದಷ್ಟು ವರ್ಷಗಳಲ್ಲಿ. ಜಗತ್ತಿನ ವಯಸ್ಸು ಬರೀ 1400 ಕೋಟಿ ವರ್ಷ. ಹಾಗಾದರೆ ನೋಡುವುದು ಹೇಗೆ? ಒಂದು ಪ್ರೋಟಾನಿನ ಮುಂದೆ ಅಷ್ಟು ವರ್ಷ ಕೂರುವ ಬದಲು ಅಷ್ಟು ಪ್ರೋಟಾನುಗಳ ಮುಂದೆ ಒಂದು ವರ್ಷ ಕೂರಬೇಕು. 140 ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿ ಸುಮಾರು 8ರ ಮುಂದೆ 31 ಸೊನ್ನೆಯಷ್ಟಿವೆ. ಸಿದ್ಧಾಂತ ಸರಿಯಿದ್ದರೆ ವರ್ಷಕ್ಕೆ ಕೆಲವಾದರೂ ಒಡೆಯಬೇಕು.

ಕೋಲಾರದಲ್ಲಿ ಮಾಡಿದ್ದು ಅದನ್ನೇ. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ನರಸಿಂಹನ್, ಎಂ. ಆರ್. ಕೃಷ್ಣಸ್ವಾಮಿ, ಎನ್. ಕೆ. ಮಂಡಲ್, ಮಿಯಾಕೆ ಮತ್ತವರ ಜಪಾನಿ ಗೆಳೆಯರು ಇದರಲ್ಲಿದ್ದರು. ಸುಮಾರು 1600 ಕಬ್ಬಿಣದ ಕೊಳವೆಗಳು. ಪ್ರತಿಯೊಂದೂ 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಚೌಕ, ಉದ್ದ 4 ಅಥವಾ 6 ಮೀಟರ್. ಅವುಗಳನ್ನು 34 ಪದರಗಳಲ್ಲಿ, ಒಂದು ಪದರ ಉದ್ದುದ್ದ, ಮುಂದಿನದು ಅಡ್ಡಡ್ಡ, ನಮ್ಮ ಅಜ್ಜಿ ಮನೆಯಲ್ಲಿ ಸೌದೆ ಒಟ್ಟುವ ಹಾಗೆ ಜೋಡಿಸಿದರು. ನಡುವೆ ಕಬ್ಬಿಣದ ಹಲಗೆಗಳು. ಒಟ್ಟು ತೂಕ 140 ಟನ್. ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯವೆಂದರೆ, ಯಾವುದನ್ನು ಕಾಯುತ್ತಿದ್ದಾರೋ ಅದೂ ಕಬ್ಬಿಣ, ಕಾಯುತ್ತಿರುವುದೂ ಕಬ್ಬಿಣ. ಇಡೀ 140 ಟನ್ನನ್ನೂ ಕೇಜಿನಲ್ಲಿ ತುಂಡು ತುಂಡಾಗಿ 2.3 ಕಿಲೋಮೀಟರ್ ಇಳಿಸಬೇಕಿತ್ತು. 6 ಮೀಟರ್ ಉದ್ದದ ಕೊಳವೆಯನ್ನು ಗಣಿಯ ಕೇಜಿನಲ್ಲಿ ಇಳಿಸಿ ಸುರಂಗದಲ್ಲಿ ತಿರುಗಿಸುವುದನ್ನು ಊಹಿಸಿಕೊಳ್ಳಿ. 1980ರ ಕೊನೆಗೆ ಅದು ಕೆಲಸ ಶುರುಮಾಡಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಕಟ್ಟುವುದು ಮತ್ತು ಪರೀಕ್ಷಿಸುವುದು ಎಷ್ಟು ಕಷ್ಟ ಎಂದು ಹೇಳದಿದ್ದರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ.

ತಂತಿಯಿಂದಲೇ ಶುರು ಮಾಡಿ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ ಟಂಗ್‌ಸ್ಟನ್ ತಂತಿ 6 ಮೀಟರ್ ತೆಗೆದುಕೊಂಡರೆ ಅದರ ತೂಕ ಒಂದು ಗ್ರಾಂ ಕೂಡ ಇಲ್ಲ. ಆದರೂ ಅದು ಜೋತುಬೀಳುತ್ತದೆ. ಫಿಸಿಕ್ಸ್ ಪುಸ್ತಕದ ಸೂತ್ರ ಹಾಕಿ ಲೆಕ್ಕ ಮಾಡಿ ನೋಡಿದೆ: 300 ಗ್ರಾಂ ತೂಗುಹಾಕಿದಷ್ಟು ಬಿಗಿಯಾಗಿ ಎಳೆದರೂ ಮಧ್ಯದಲ್ಲಿ ಸುಮಾರು 2 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಇನ್ನೂ ಎಳೆದರೆ ತುಂಡಾಗುವ ಭಯ, ಸಡಿಲ ಬಿಟ್ಟರೆ ಒಂದು ಗೋಡೆಯ ಕಡೆ ವಾಲುವ ಭಯ. ತಂತಿಯ ಮೇಲೆ ಧೂಳಿನ ಒಂದು ಕಣ ಕೂತರೂ, ಕೊಳವೆಯೊಳಗೆ ಲೋಹದ ಒಂದು ಸಣ್ಣ ಮುಳ್ಳು ಉಳಿದರೂ ಅಲ್ಲಿ ಕಿಡಿ ಹಾರಿ ಸುಳ್ಳು ಮಿಡಿತ ಬರುತ್ತದೆ.

ಆಮೇಲೆ ಅನಿಲ. ಕೋಲಾರದ ಕೊಳವೆಗಳಲ್ಲಿ ಇದ್ದದ್ದು ಪಿ-10, ಅಂದರೆ ನೂರರಲ್ಲಿ 90 ಭಾಗ ಆರ್ಗಾನ್, 10 ಭಾಗ ಮೀಥೇನ್. ಎಲೆಕ್ಟ್ರಾನುಗಳನ್ನು ಹೆಚ್ಚಿಸುವ ಕೆಲಸ ಆರ್ಗಾನಿನದು. ಆ ಗದ್ದಲದಲ್ಲಿ ಹುಟ್ಟುವ ಅತಿನೇರಳೆ ಬೆಳಕು ಕೊಳವೆಯ ತುಂಬ ಹೊಸ ಎಲೆಕ್ಟ್ರಾನುಗಳನ್ನು ಎಬ್ಬಿಸದಂತೆ ಅದನ್ನು ನುಂಗಿಕೊಳ್ಳುವ ಕೆಲಸ ಮೀಥೇನಿನದು. ಇವೆರಡರ ನಡುವೆ ಹೊರಗಿನ ಗಾಳಿ ಸೇರಿತೋ, ಅದರಲ್ಲಿರುವ ಆಮ್ಲಜನಕ ದಾರಿಯಲ್ಲೇ ಎಲೆಕ್ಟ್ರಾನುಗಳನ್ನು ಹಿಡಿದುಕೊಂಡುಬಿಡುತ್ತದೆ. ಮಿಡಿತ ಸಣ್ಣಗಾಗುತ್ತಾ ಒಂದು ದಿನ ನಿಂತೇ ಹೋಗುತ್ತದೆ. ಅದಕ್ಕೇ ತುದಿಯ ಮುಚ್ಚಳದಲ್ಲಿ ಕಣ್ಣಿಗೆ ಕಾಣದ ಸೋರಿಕೆಯೂ ಇರಬಾರದು.

ಸರಿ, ಕಟ್ಟಿದ ಕೊಳವೆ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುವುದು ಹೇಗೆ? ನೆಲದ ಮೇಲೆ ಇದು ಸುಲಭ. ಮೂರು ಕೊಳವೆಗಳನ್ನು ಒಂದರ ಮೇಲೊಂದು ಇಡಿ. ಮೇಲಿನದೂ ಕೆಳಗಿನದೂ ಒಂದೇ ಕ್ಷಣದಲ್ಲಿ ಮಿಡಿದರೆ ಒಂದು ಮ್ಯೂಆನ್ ಎರಡನ್ನೂ ತೂರಿ ಹೋಗಿದೆ ಎಂದರ್ಥ. ಹಾಗಾದರೆ ಮಧ್ಯದ್ದೂ ಮಿಡಿದಿರಬೇಕು. ನೂರು ಸಲ ಹೀಗಾದಾಗ ಮಧ್ಯದ್ದು ಎಷ್ಟು ಸಲ ಮಿಡಿಯಿತು ಎಂದು ಎಣಿಸಿದರೆ ಅದರ ದಕ್ಷತೆ ಸಿಕ್ಕಿತು. ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ ಎಣಿಸಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಮೊದಲು ಏನೂ ಬರುವುದಿಲ್ಲ, ಆಮೇಲೆ ಎಣಿಕೆ ಏರುತ್ತದೆ, ನಂತರ ಒಂದು ಸಮತಟ್ಟಾದ ಜಾಗ ಬರುತ್ತದೆ, ಅದನ್ನೂ ದಾಟಿದರೆ ಕಿಡಿ. ಆ ಸಮತಟ್ಟಿನ ಮಧ್ಯದಲ್ಲಿ ವೋಲ್ಟೇಜ್ ನಿಲ್ಲಿಸಬೇಕು. ಆಗ ಕರೆಂಟು ಸ್ವಲ್ಪ ಹೆಚ್ಚುಕಡಿಮೆಯಾದರೂ ಎಣಿಕೆ ಬದಲಾಗುವುದಿಲ್ಲ. ನೆಲದ ಮೇಲೆ 4 ಮೀಟರಿನ ಒಂದು ಕೊಳವೆಗೆ ನಿಮಿಷಕ್ಕೆ ಸುಮಾರು 4000 ಮ್ಯೂಆನ್ ಬೀಳುತ್ತವೆ, ಹಾಗಾಗಿ ಒಂದು ಮಧ್ಯಾಹ್ನದಲ್ಲಿ ಪರೀಕ್ಷೆ ಮುಗಿಯುತ್ತದೆ.

ಅದೇ ಕೊಳವೆಯನ್ನು 2.3 ಕಿಲೋಮೀಟರ್ ಕೆಳಗೆ ತೆಗೆದುಕೊಂಡು ಹೋಗಿ. ಅಲ್ಲಿ ಇಡೀ ಶೋಧಕದ ಮೂಲಕ, ಎಲ್ಲಾ 1600 ಕೊಳವೆಗಳ ರಾಶಿಯ ಮೂಲಕ, ದಿನಕ್ಕೆ ಎರಡು ಮೂರು ಮ್ಯೂಆನ್ ಮಾತ್ರ ಹೋಗುತ್ತಿದ್ದವು. ಈಗ ನೀವೇ ಹೇಳಿ. ಒಂದು ಕೊಳವೆ ಸುಮ್ಮನಿದೆ. ಏನೂ ಬಂದಿಲ್ಲ ಎಂದು ಸುಮ್ಮನಿದೆಯೋ, ಸತ್ತುಹೋಗಿ ಸುಮ್ಮನಿದೆಯೋ?

ಇಡೀ ಪ್ರಯೋಗ ನಿಂತಿರುವುದೇ ಈ ಪ್ರಶ್ನೆಯ ಮೇಲೆ. "ಪ್ರೋಟಾನ್ ಒಡೆಯಲಿಲ್ಲ" ಎಂದು ಹೇಳಬೇಕಾದರೆ, ಒಡೆದಿದ್ದರೆ ನಮಗೆ ಖಂಡಿತ ಗೊತ್ತಾಗುತ್ತಿತ್ತು ಎಂದು ಮೊದಲು ತೋರಿಸಬೇಕು. ಅದೃಷ್ಟಕ್ಕೆ ಬಂಡೆ ಪೂರ್ತಿ ಮೌನಿಯಲ್ಲ. ಯಾವ ಬಂಡೆಯಲ್ಲಾದರೂ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಸ್ವಲ್ಪ ಸ್ವಲ್ಪ ಇರುತ್ತವೆ, ಅವುಗಳಿಂದ ಗಾಮಾ ಕಿರಣ ಹೊರಡುತ್ತದೆ. ಅದು ಒಂದೊಂದೇ ಕೊಳವೆಯನ್ನು ಆಗಾಗ ಮಿಡಿಸುತ್ತದೆ, ಆದರೆ ಸಾಲಾಗಿ ಹಲವು ಪದರ ದಾಟುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಒಂಟಿ ಮಿಡಿತಗಳ ಎಣಿಕೆ ನೋಡಿದರೆ ಕೊಳವೆ ಬದುಕಿದೆಯೋ ಇಲ್ಲವೋ ತಿಳಿಯುತ್ತದೆ, ಸಾಲು ಮಿಡಿತ ನೋಡಿದರೆ ನಿಜವಾದ ಕಣ ಬಂತೋ ಇಲ್ಲವೋ ತಿಳಿಯುತ್ತದೆ.

ಫಲಿತಾಂಶ ಏನಾಯಿತು? 1981ರಲ್ಲಿ ಕೋಲಾರದ ತಂಡ ಒಂದು ಪ್ರಬಂಧ ಪ್ರಕಟಿಸಿತು. ಹೊರಗಿನಿಂದ ಯಾವ ಕಣವೂ ಒಳಬಂದ ಗುರುತಿಲ್ಲದೆ, ಶೋಧಕದ ಒಳಗಿನಿಂದಲೇ ಗೆರೆಗಳು ಶುರುವಾದ ಕೆಲವು ಘಟನೆಗಳು ಸಿಕ್ಕಿವೆ, ಇವು ಪ್ರೋಟಾನ್ ಒಡೆದದ್ದಿರಬಹುದು ಎಂದರು. ಪ್ರಪಂಚದ ಎಲ್ಲ ಕಡೆ ಭೌತವಿಜ್ಞಾನಿಗಳು ಕೋಲಾರದ ಕಡೆ ತಿರುಗಿ ನೋಡಿದರು. ಆದರೆ ಒಂದು ತೊಡಕಿತ್ತು. ಒಳಗಿನಿಂದ ಗೆರೆ ಶುರುವಾಗಲು ಇನ್ನೊಂದು ಕಾರಣವೂ ಉಂಟು. ಅದು ನಮ್ಮ ಹಳೆಯ ಪರಿಚಯದ ನ್ಯೂಟ್ರಿನೊ. ಅದು ಸದ್ದಿಲ್ಲದೆ ಒಳಬಂದು ಕಬ್ಬಿಣಕ್ಕೆ ಬಡಿದರೆ ಹೆಚ್ಚುಕಡಿಮೆ ಇಂಥದ್ದೇ ಚಿತ್ರ ಮೂಡುತ್ತದೆ. 10 ಸೆಂಟಿಮೀಟರ್ ಕೊಳವೆ ಮಿಡಿದಾಗ ಕಣ ಆ ಕೊಳವೆಯಲ್ಲಿ ಹೋಯಿತು ಎಂದು ಗೊತ್ತಾಗುತ್ತದೆಯೇ ಹೊರತು ಅದರೊಳಗೆ ಎಲ್ಲಿ ಎಂದು ಗೊತ್ತಾಗುವುದಿಲ್ಲ. ದೊಡ್ಡ ದೊಡ್ಡ ಚೌಕಗಳಿರುವ ಗ್ರಾಫ್ ಹಾಳೆಯ ಮೇಲೆ ಮುಖದ ಚಿತ್ರ ಬಿಡಿಸಿದ ಹಾಗೆ. ಅಣ್ಣನೋ ತಮ್ಮನೋ ಎಂದು ಗುರುತಿಸುವುದು ಕಷ್ಟ.

ಅಷ್ಟರಲ್ಲಿ ಬೇರೆಯವರೂ ಹೊರಟಿದ್ದರು. ಅಮೆರಿಕದ ಒಹಾಯೊದಲ್ಲಿ ಉಪ್ಪಿನ ಗಣಿಯೊಳಗೆ, ಜಪಾನಿನಲ್ಲಿ ಕಮಿಯೋಕಾ ಗಣಿಯೊಳಗೆ, ಸಾವಿರಾರು ಟನ್ ಶುದ್ಧ ನೀರು ತುಂಬಿ ಪ್ರೋಟಾನಿಗಾಗಿ ಕಾದರು. ಕೋಲಾರದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರೋಟಾನುಗಳು. ಕೋಲಾರದವರು ಹೇಳಿದ್ದು ಸರಿಯಾಗಿದ್ದರೆ ಅವರಿಗೆ ಬೇಕಾದಷ್ಟು ಸಿಗಬೇಕಿತ್ತು, ಸಿಗಲಿಲ್ಲ. ಕೋಲಾರದಲ್ಲೂ 1980ರ ದಶಕದ ಮಧ್ಯದಲ್ಲಿ 2 ಕಿಲೋಮೀಟರ್ ಆಳದಲ್ಲಿ 260 ಟನ್ನಿನ ಎರಡನೇ ಶೋಧಕ ಕಟ್ಟಿ ನೋಡಿದರು. ಇಂದಿನವರೆಗೂ ಪ್ರೋಟಾನ್ ಒಡೆದದ್ದನ್ನು ಯಾರೂ ಖಚಿತವಾಗಿ ಕಂಡಿಲ್ಲ. ಅದರ ಆಯಸ್ಸು 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಗಳಿಗಿಂತಲೂ ಹೆಚ್ಚು ಎಂದು ಈಗ ಗೊತ್ತಿದೆ. 1974ರ ಆ ಸುಂದರ ಸಿದ್ಧಾಂತವನ್ನು ಅದು ಇದ್ದ ರೂಪದಲ್ಲಿ ಕೈಬಿಡಬೇಕಾಯಿತು.

ಹಾಗಾದರೆ ಕೋಲಾರದವರು ಸೋತರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಸಿಕ್ಕಿದ್ದನ್ನು ಬಚ್ಚಿಡಲಿಲ್ಲ, ಚಿತ್ರಗಳ ಸಮೇತ ಎಲ್ಲರ ಮುಂದಿಟ್ಟರು. ತಪ್ಪಾದರೂ ಪರವಾಗಿಲ್ಲ, ಪರೀಕ್ಷಿಸಲು ಬರುವಂತೆ ಹೇಳುವುದೇ ವಿಜ್ಞಾನದಲ್ಲಿ ಮರ್ಯಾದೆ. ಕಮಿಯೋಕಾದ ನೀರಿನ ತೊಟ್ಟಿಯ ಕಥೆಯೂ ಹೀಗೇ. ಪ್ರೋಟಾನಿಗಾಗಿ ಕಟ್ಟಿದ ಅದಕ್ಕೆ 1987ರ ಫೆಬ್ರವರಿ 23ರಂದು ಸಿಡಿದ ನಕ್ಷತ್ರವೊಂದರಿಂದ ಬಂದ ನ್ಯೂಟ್ರಿನೊಗಳು ಸಿಕ್ಕವು, ಅದರ ಮುಖ್ಯಸ್ಥ ಕೊಷಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ತಂತಿಗೂ ಒಂದು ನೊಬೆಲ್ ಇದೆ. 1968ರಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಜಾರ್ಜ್ ಶಾರ್ಪಾಕ್ ಕೊಳವೆಯ ಗೋಡೆಗಳನ್ನೇ ತೆಗೆದುಹಾಕಿ, ಒಂದೇ ಪೆಟ್ಟಿಗೆಯಲ್ಲಿ ಸಾಲಾಗಿ ಬಹಳಷ್ಟು ತಂತಿಗಳನ್ನು ಕೆಲವೇ ಮಿಲಿಮೀಟರ್ ಅಂತರದಲ್ಲಿ ಕಟ್ಟಿ ತೋರಿಸಿದರು. ಪ್ರತಿ ತಂತಿಯೂ ಬೇರೆ ಕೌಂಟರಿನಂತೆ ಕೆಲಸ ಮಾಡಿತು. ಗ್ರಾಫ್ ಹಾಳೆಯ ಚೌಕಗಳು ಚಿಕ್ಕದಾದವು. 1992ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಆ ಹೊತ್ತಿಗೆ ಕೋಲಾರದಲ್ಲಿ ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಹೆಚ್ಚಾಗಿತ್ತು. ಆಳದ ಹಂತಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದರು. ಮುಚ್ಚಿದ ಗಣಿಯೊಳಗೆ ನೀರು ತುಂಬುತ್ತದೆ. 1990ರ ದಶಕದ ಆರಂಭದಲ್ಲಿ ಪ್ರಯೋಗವೂ ನಿಂತಿತು. 2001ರ ಫೆಬ್ರವರಿ 28ರಂದು ಗಣಿ ಪೂರ್ತಿ ಮುಚ್ಚಿತು. ಸಾವಿರಾರು ಮನೆಗಳ ಸಂಬಳ ನಿಂತಿತು, ಬಹಳ ಜನ ಇಂದಿಗೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ.

ಕೊಳವೆಗಳು ಮಾತ್ರ ಮೇಲೆ ಬಂದವು. ಅವನ್ನು ನೀಲಗಿರಿಯ ಊಟಿಗೆ ಸಾಗಿಸಿದರು. ಅಲ್ಲಿ ಸಮುದ್ರಮಟ್ಟದಿಂದ 2200 ಮೀಟರ್ ಎತ್ತರದಲ್ಲಿ ಟಿಐಎಫ್‌ಆರ್‌ನ ಗ್ರೇಪ್ಸ್-3 ಎಂಬ ಪ್ರಯೋಗ ನಡೆಯುತ್ತಿದೆ. 6 ಮೀಟರ್ ಉದ್ದದ 3712 ಕೊಳವೆಗಳನ್ನು, ಅದೇ 10 ಸೆಂಟಿಮೀಟರ್ ಚೌಕ, ಅದೇ ಪಿ-10 ಅನಿಲ, ಅದೇ ಒಂದು ತಂತಿ, ನಾಲ್ಕು ನಾಲ್ಕು ಪದರಗಳಲ್ಲಿ ಜೋಡಿಸಿ 560 ಚದರ ಮೀಟರಿನ ಮ್ಯೂಆನ್ ದೂರದರ್ಶಕ ಮಾಡಿದ್ದಾರೆ. ಗಣಿಯಲ್ಲಿ ದಿನಕ್ಕೆ ಎರಡು ಮೂರು ಮ್ಯೂಆನುಗಳಿಗೆ ಕಾಯಲು ಬೇಕಿದ್ದ ಸಾಧನ ಅಲ್ಲಿ ದಿನಕ್ಕೆ ಸುಮಾರು 400 ಕೋಟಿ ಮ್ಯೂಆನುಗಳನ್ನು ಎಣಿಸುತ್ತದೆ.

2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಒಂದು ದೊಡ್ಡ ಗುಡುಗಿನ ಮೋಡ ಬಂತು. ಸುಮಾರು 18 ನಿಮಿಷ ಮ್ಯೂಆನುಗಳ ಎಣಿಕೆ ಸ್ವಲ್ಪ ಇಳಿಯಿತು. ಮ್ಯೂಆನುಗಳಲ್ಲಿ ಧನ, ಋಣ ಎಂಬ ಎರಡು ಬಗೆ ಇವೆ, ಧನ ಬಗೆಯವು ಸ್ವಲ್ಪ ಹೆಚ್ಚು. ಮೋಡದ ವಿದ್ಯುತ್ತು ಒಂದು ಬಗೆಯನ್ನು ತಡೆದು ಇನ್ನೊಂದನ್ನು ತಳ್ಳಿದ್ದರಿಂದ ಒಟ್ಟು ಎಣಿಕೆ ತಗ್ಗಿತ್ತು. ಎಷ್ಟು ತಗ್ಗಿತು ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ, ಆ ಮೋಡದೊಳಗೆ ಸುಮಾರು 130 ಕೋಟಿ ವೋಲ್ಟ್ ಇತ್ತು ಎಂದು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಗುಡುಗಿನ ಮೋಡದಲ್ಲಿ 100 ಕೋಟಿ ವೋಲ್ಟ್ ಇರಬಹುದೆಂದು ಸಿ. ಟಿ. ಆರ್. ವಿಲ್ಸನ್ 1920ರ ದಶಕದಲ್ಲೇ ಹೇಳಿದ್ದರು. ಬಲೂನು, ವಿಮಾನ ಕಳಿಸಿ ಅಳೆದವರಿಗೆ ಅಷ್ಟು ಸಿಕ್ಕಿರಲಿಲ್ಲ, ಏಕೆಂದರೆ ಅವು ಒಂದು ಸಲಕ್ಕೆ ಮೋಡದ ಒಂದು ಸಣ್ಣ ಭಾಗವನ್ನು ಮಾತ್ರ ನೋಡುತ್ತವೆ. ಮ್ಯೂಆನ್ ಇಡೀ ಮೋಡವನ್ನು ಮೇಲಿನಿಂದ ಕೆಳಗಿನವರೆಗೆ ದಾಟಿ ಬರುತ್ತದೆ.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದವರು ಮೈಸೂರಿನಿಂದ ಊಟಿಗೆ ಹೋಗುವುದು ಇದ್ದೇ ಇದೆ. ಸಂಜೆ ಮಳೆ ಬಂದು ಗುಡುಗಿದಾಗ ನೆನಪಿಡಿ, ಅಲ್ಲೇ ಎಲ್ಲೋ ಹತ್ತಿರದಲ್ಲಿ ಆ ಕೊಳವೆಗಳು ಎಣಿಸುತ್ತಿರುತ್ತವೆ.